‘ನಿಮ್ಮ ಚರ್ಚಿನಲ್ಲಿ ಬೈಬಲ್ ಎಲ್ಲಿದೆ?’ ಎಂದು ತಂಗಿ ಕೇಳುತ್ತಾಳೆ

ಪ್ರಶ್ನೆ: ನಾನು ಮೈಸೂರು ಕಡೆಯ ಕಥೋಲಿಕ ಕುಟುಂಬದವಳು, ವಯಸ್ಸು ನಲವತ್ತು ದಾಟಿದೆ. ಅಮ್ಮ ನನ್ನ ಜೊತೆಗೇ ಇದ್ದಾರೆ. ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ, ಈ ವರ್ಷ ದೃಢೀಕರಣ ಸಂಸ್ಕಾರಕ್ಕೆ ತಯಾರಾಗುತ್ತಿದ್ದಾಳೆ. ನನ್ನ ತಂಗಿ ಮದುವೆಯಾಗಿ ಬೆಂಗಳೂರಿಗೆ ಹೋದ ಮೇಲೆ ಅಲ್ಲಿ ಒಂದು ಪ್ರಾರ್ಥನಾ ಸಭೆಗೆ ಸೇರಿಕೊಂಡಳು. ಈಗ ನಮ್ಮ ಚರ್ಚಿಗೆ ಬರುವುದಿಲ್ಲ. ಬೈಬಲಿನ ವಾಕ್ಯಗಳನ್ನು ಅಧ್ಯಾಯ, ವಚನದ ಸಂಖ್ಯೆ ಸಮೇತ ಹೇಳುತ್ತಾಳೆ. ‘ನಿಮ್ಮ ಚರ್ಚಿನಲ್ಲಿ ಬೈಬಲ್ ಎಲ್ಲಿದೆ? ಹಿಂದೆ ಸರಪಳಿ ಹಾಕಿ ಜನರಿಂದ ಬಚ್ಚಿಟ್ಟಿದ್ದರು’ ಎನ್ನುತ್ತಾಳೆ. ನನಗೆ ಏನು ಹೇಳಬೇಕೆಂದೇ ತೋಚುವುದಿಲ್ಲ.

ಅಪ್ಪ ತೀರಿಕೊಂಡು ವರ್ಷವಾದಾಗ ಪೂಜೆ ಕೊಡಿಸಿದ್ದೆವು. ತಂಗಿ ಊರಿಗೆ ಬಂದಳು, ಪೂಜೆಗೆ ಮಾತ್ರ ಬರಲಿಲ್ಲ. ‘ಸತ್ತವರಿಗಾಗಿ ಪ್ರಾರ್ಥಿಸಬೇಕೆಂದು ಬೈಬಲಿನಲ್ಲಿ ಎಲ್ಲಿದೆ ತೋರಿಸು’ ಎಂದು ಮನೆಯಲ್ಲೇ ಕುಳಿತಳು. ಆ ವಾರವೇ ನಾನೊಂದು ಬೈಬಲ್ ಕೊಂಡು ಮೊದಲ ಪುಟದಿಂದ ಓದಲು ಹಿಡಿದೆ. ಆದಿಕಾಂಡ, ವಿಮೋಚನಾಕಾಂಡ ಹೇಗೋ ಮುಗಿಯಿತು, ಯಾಜಕಕಾಂಡದಲ್ಲಿ ನಿಂತುಹೋದೆ. ಅದನ್ನು ದಾಟಿ ಮುಂದೆ ನೋಡಿದರೆ ಯೆಹೋಶುವನ ಗ್ರಂಥದಲ್ಲಿ ಊರಿಗೆ ಊರನ್ನೇ ಕೊಂದದ್ದು ಬರುತ್ತದೆ, ಓದಿ ಭಯವಾಯಿತು. ಈಗ ಕಷ್ಟ ಬಂದಾಗ ಕಣ್ಣು ಮುಚ್ಚಿ ಯಾವುದೋ ಪುಟ ತೆರೆದು, ಸಿಕ್ಕ ವಾಕ್ಯವನ್ನು ದೇವರ ಉತ್ತರವೆಂದು ಹಿಡಿದುಕೊಳ್ಳುತ್ತೇನೆ. ಅಮ್ಮ, ‘ಅದನ್ನೆಲ್ಲ ಸ್ವಾಮಿಯವರು ಓದುತ್ತಾರೆ, ನಮಗೆ ಜಪಸರ ಸಾಕು’ ಎನ್ನುತ್ತಾರೆ. ಮಗಳು ಯಾರ ಮಾತು ನಿಜ ಎಂದು ಕೇಳುತ್ತಾಳೆ. ನಾನು ಏನು ಮಾಡಲಿ?

ಉತ್ತರ:

ಪ್ರಿಯ ಸಹೋದರಿ,

ತಂಗಿ ಅಪ್ಪನ ಪೂಜೆಗೆ ಬಾರದೆ ಹೋದದ್ದನ್ನು ನೀವು ನಾಲ್ಕು ಮಾತಿನಲ್ಲಿ ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಆದರೆ ಬೈಬಲ್ ಕೊಂಡದ್ದು ಆ ವಾರವೇ. ಅವಳಿಗೆ ಉತ್ತರ ಕೊಡಬೇಕೆಂದು ಓದಲು ಕುಳಿತಿರಿ. ಉತ್ತರವೂ ಸಿಗಲಿಲ್ಲ, ಓದೂ ಸಾಗಲಿಲ್ಲ. ಇದಕ್ಕೆ ನಿಮ್ಮ ಬುದ್ಧಿ ಸಾಲದು ಎಂದು ತಿಳಿಯಬೇಡಿ. ವಾದ ಗೆಲ್ಲಲೆಂದು ಪವಿತ್ರಗ್ರಂಥ ತೆರೆದವರಿಗೆಲ್ಲ ಆಗುವುದು ಇದೇ.

ನಮ್ಮಲ್ಲಿ ಬೈಬಲ್ ಇಲ್ಲ ಎಂಬ ಮಾತನ್ನು ಮೊದಲು ನೋಡೋಣ. ಬರುವ ಭಾನುವಾರ ಬಲಿಪೂಜೆಯಲ್ಲಿ ಇದೊಂದನ್ನೇ ಗಮನದಲ್ಲಿಟ್ಟು ಕುಳಿತುಕೊಳ್ಳಿ. ಗುರುಗಳು ಪ್ರಬೋಧನೆಗೆ ನಿಲ್ಲುವ ಮೊದಲು ಹಳೆಯ ಒಡಂಬಡಿಕೆಯಿಂದ ಒಂದು ಭಾಗ ಓದುತ್ತಾರೆ. ಪಾಸ್ಖ ಕಾಲದಲ್ಲಿ ಅದರ ಬದಲು ಪ್ರೇಷಿತರ ಕಾರ್ಯಕಲಾಪಗಳು ಬರುತ್ತವೆ. ಅದಾದ ಮೇಲೆ ಒಂದು ಕೀರ್ತನೆ, ಆಮೇಲೆ ಪ್ರೇಷಿತರ ಪತ್ರಗಳ ಒಂದು ಭಾಗ, ಕೊನೆಗೆ ಶುಭಸಂದೇಶ. ಶುಭಸಂದೇಶ ಓದುವಾಗ ಮುದುಕರು, ಮಕ್ಕಳು ಎನ್ನದೆ ಎಲ್ಲರೂ ಎದ್ದು ನಿಲ್ಲುತ್ತೇವೆ. ಹಣೆ, ತುಟಿ, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತೇವೆ. ಹಬ್ಬದ ದಿನ ಆ ಗ್ರಂಥಕ್ಕೆ ಧೂಪ ಹಾಕುತ್ತಾರೆ, ಓದಿದ ಗುರುಗಳು ಅದಕ್ಕೆ ಮುತ್ತಿಡುತ್ತಾರೆ. ದೇವರ ವಾಕ್ಯವನ್ನು ಲೆಕ್ಕಕ್ಕಿಡದ ಜನ ಹೀಗೆ ನಡೆದುಕೊಳ್ಳುವುದಿಲ್ಲ.

ಅಲ್ಲಿಗೇ ಮುಗಿಯುವುದಿಲ್ಲ. ದೇವರನ್ನು ಮೂರು ಬಾರಿ ಪವಿತ್ರರೆಂದು ಹಾಡುತ್ತೇವಲ್ಲ, ಅದು ಪ್ರವಾದಿ ಯೆಶಾಯ ಕಂಡ ದರ್ಶನದಿಂದ, ಅವನ ಗ್ರಂಥದ 6ನೇ ಅಧ್ಯಾಯದಿಂದ ಬಂದದ್ದು. ಮಹಿಮಾ ಗೀತೆ ಶುರುವಾಗುವುದೇ ಬೆತ್ಲೆಹೇಮಿನ ಹೊಲದಲ್ಲಿ ಕುರುಬರು ಕೇಳಿಸಿಕೊಂಡ ದೂತರ ಹಾಡಿನಿಂದ. ಯೇಸುಸ್ವಾಮಿಯನ್ನು ದೇವರ ಕುರಿಮರಿ ಎಂದು ಕರೆದವನು ಸ್ನಾನಿಕ ಯೊವಾನ್ನ. ಪರಮಪ್ರಸಾದ ಸ್ವೀಕರಿಸುವ ಮೊದಲು ನಾವು ಯೋಗ್ಯರಲ್ಲವೆಂದು ತಗ್ಗಿ ಹೇಳುವ ಮಾತು ಕಫೆರ್ನೌಮಿನ ಒಬ್ಬ ರೋಮನ್ ಶತಾಧಿಪತಿಯದು, ಮತ್ತಾಯನ 8ನೇ ಅಧ್ಯಾಯದಲ್ಲಿದೆ. ತನ್ನ ಆಳಿಗೆ ಕಾಯಿಲೆಯೆಂದು ಬೇಡಿಕೊಂಡು ಬಂದ ಪರದೇಶಿಯ ಮಾತದು. ಅವನ ಬಾಯಿಂದ ಬಂದದ್ದನ್ನು ಪ್ರತಿ ಪೂಜೆಯಲ್ಲೂ ನಿಮ್ಮ ಬಾಯಿ ಹೇಳುತ್ತಿದೆ. ನಿಮಗೆ ಬೈಬಲ್ ಗೊತ್ತಿಲ್ಲವೆಂದಲ್ಲ. ಗೊತ್ತಿರುವುದು ಬೈಬಲ್ ಎಂಬುದು ನಿಮಗೆ ಗೊತ್ತಿರಲಿಲ್ಲ.

ಭಾನುವಾರದ ವಾಚನಗಳನ್ನು ಗುರುಗಳು ತಮಗೆ ತೋಚಿದಂತೆ ಆರಿಸುವುದಿಲ್ಲ. ಅದಕ್ಕೊಂದು ಕ್ರಮವಿದೆ, ಅದನ್ನು 1969ರಲ್ಲಿ ಹೊಸದಾಗಿ ಗೊತ್ತುಮಾಡಿದರು. ಭಾನುವಾರಗಳಿಗೆ ಮೂರು ವರ್ಷದ ಸುತ್ತು. ಒಂದು ವರ್ಷ ಮತ್ತಾಯ, ಮರುವರ್ಷ ಮಾರ್ಕ, ಅದರ ಮರುವರ್ಷ ಲೂಕ. ಯೊವಾನ್ನನ ಶುಭಸಂದೇಶ ತಪಸ್ಸಿನ ಕಾಲದಲ್ಲೂ ಪಾಸ್ಖ ಕಾಲದಲ್ಲೂ ಹೆಚ್ಚಾಗಿ ಬರುತ್ತದೆ. ಮಾರ್ಕನದು ಚಿಕ್ಕದಾದ್ದರಿಂದ ಅವನ ವರ್ಷದ ನಡುವೆಯೂ ಕೆಲವು ಭಾನುವಾರ ಯೊವಾನ್ನನ 6ನೇ ಅಧ್ಯಾಯ ಓದುತ್ತಾರೆ. ವಾರದ ದಿನಗಳಿಗೆ ಮೊದಲ ವಾಚನದ ಎರಡು ವರ್ಷದ ಸುತ್ತು ಬೇರೆಯೇ ಇದೆ. ಯಾವ ವರ್ಷ ಯಾರ ಶುಭಸಂದೇಶ ಎಂದು ತಿಳಿಯುವುದು ಸುಲಭ: ಇಸವಿ ಮೂರರಿಂದ ಸರಿಯಾಗಿ ಭಾಗವಾದರೆ ಅದು ಲೂಕನ ವರ್ಷ. ಲೆಕ್ಕ ಮಾತ್ರ ಜನವರಿಯಿಂದಲ್ಲ, ಹಿಂದಿನ ವರ್ಷದ ಆಗಮನ ಕಾಲದ ಮೊದಲ ಭಾನುವಾರದಿಂದ.

ಇಷ್ಟಾದರೂ ನಿಮ್ಮ ತಂಗಿಯ ಮಾತಿನಲ್ಲಿ ಸತ್ಯವೇ ಇಲ್ಲವೆಂದು ನಾನು ಹೇಳಲಾರೆ. ಹೇಳಿದರೆ ಅದು ನಿಮಗೆ ಮಾಡುವ ಅನ್ಯಾಯ.

ಸರಪಳಿಯ ಕಥೆ ಅಷ್ಟು ಗಟ್ಟಿಯಲ್ಲ. ಮುದ್ರಣವಿಲ್ಲದ ಕಾಲದಲ್ಲಿ ಒಂದು ಬೈಬಲನ್ನು ಕೈಯಲ್ಲಿ ಬರೆದು ಮುಗಿಸಲು ತಿಂಗಳುಗಟ್ಟಲೆ ಬೇಕಿತ್ತು, ಚರ್ಮದ ಹಾಳೆಗೆ ಬಹಳ ಹಣ ಬೀಳುತ್ತಿತ್ತು. ಬಂದವರು ಓದಲಿ, ಹೊತ್ತುಕೊಂಡು ಹೋಗದಿರಲಿ ಎಂದು ಬೆಲೆಬಾಳುವ ಬೇರೆ ಗ್ರಂಥಗಳಂತೆ ಅದನ್ನೂ ಮೇಜಿಗೆ ಬಿಗಿಯುತ್ತಿದ್ದರು. ಇಂಗ್ಲೆಂಡು ರೋಮಿನಿಂದ ಬೇರೆಯಾದ ಮೇಲೆ 1539ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲನ್ನೂ ಅಲ್ಲಿನ ಚರ್ಚುಗಳಲ್ಲಿ ಹೀಗೇ ಸರಪಳಿ ಹಾಕಿ ಇಟ್ಟಿದ್ದರು. ಆದರೆ ಇನ್ನೊಂದು ಸಂಗತಿಯಿದೆ, ಅದನ್ನು ಮುಚ್ಚಿಡಬಾರದು. ಮಾರ್ಟಿನ್ ಲೂಥರರ ನಂತರದ ಒಡಕಿನ ಭಯದಲ್ಲಿ, 1564ರಲ್ಲಿ ರೋಮಿನಿಂದ ಒಂದು ನಿಯಮ ಬಂತು: ಜನರಾಡುವ ಭಾಷೆಯಲ್ಲಿ ಬೈಬಲ್ ಓದಬೇಕಾದರೆ ಅನುಮತಿ ಬೇಕು. ಅದು ಸಡಿಲವಾದದ್ದು ಸುಮಾರು ಇನ್ನೂರು ವರ್ಷದ ಮೇಲೆ, 1757ರಲ್ಲಿ. ನಿಯಮ ಹೋದರೂ ಅದು ಬೆಳೆಸಿದ ಅಂಜಿಕೆ ಬೇಗ ಹೋಗಲಿಲ್ಲ.

ನಮ್ಮ ನಾಡಿನಲ್ಲೂ ಹಾಗೇ ಆಯಿತು. 17ನೇ ಶತಮಾನದಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣದ ಕಡೆಗೆ ಬಂದು ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶ ಬರೆದರು. ಬೈಬಲ್ ಪೂರ್ತಿಯಾಗಿ ಕನ್ನಡಕ್ಕೆ ಬಂದದ್ದು ಮಾತ್ರ 19ನೇ ಶತಮಾನದಲ್ಲಿ, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ. ಅವರು ಪ್ರೊಟೆಸ್ಟೆಂಟರು. ಕನ್ನಡದಲ್ಲಿ ದೇವರ ವಾಕ್ಯ ಓದುವ ನಾವೆಲ್ಲರೂ ಅವರಿಗೆ ಋಣಿಗಳು. ತಂಗಿಯ ಜೊತೆ ಮಾತಾಡುವಾಗ ಇದನ್ನು ನೀವಾಗಿಯೇ ಹೇಳಿ.

ನಿಮ್ಮ ಅಮ್ಮನ ಮಾತನ್ನೂ ಇದೇ ಇತಿಹಾಸದೊಳಗಿಟ್ಟು ಕೇಳಬೇಕು. ಅವರ ಬಾಲ್ಯದಲ್ಲಿ ಪೂಜೆ ಲತೀನ್ ಭಾಷೆಯಲ್ಲಿ ನಡೆಯುತ್ತಿತ್ತು. ವಾಚನಗಳೂ ಲತೀನಿನಲ್ಲೇ, ವರ್ಷ ವರ್ಷ ಅವೇ ಭಾಗಗಳು, ಭಾನುವಾರಗಳಂದು ಹಳೆಯ ಒಡಂಬಡಿಕೆ ಇಲ್ಲವೆನ್ನುವಷ್ಟು ಕಡಿಮೆ. ಬಲಿಪೀಠದಲ್ಲಿ ನಡೆಯುತ್ತಿದ್ದುದು ಮಾತಾಗಿ ತಿಳಿಯದ ಹೆಣ್ಣುಮಕ್ಕಳು ಜಪಸರ ಹಿಡಿದು ಕುಳಿತರು. ಅದನ್ನು ಅಜ್ಞಾನವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮೋ ಮರಿಯ ಪ್ರಾರ್ಥನೆಯ ಮೊದಲರ್ಧವೆಲ್ಲ ಲೂಕನ ಮೊದಲನೆಯ ಅಧ್ಯಾಯದ್ದು: ಗೇಬ್ರಿಯೇಲ್ ದೂತನ ವಂದನೆ, ಎಲಿಜಬೇತಳ ಹರಸುವಿಕೆ. ಮಠಗಳಲ್ಲಿ ಸನ್ಯಾಸಿಗಳು 150 ಕೀರ್ತನೆಗಳನ್ನು ಹಾಡುತ್ತಿದ್ದಾಗ ಓದು ಬಾರದ ಜನ ಅದಕ್ಕೆ ಸರಿಯಾಗಿ 150 ನಮೋ ಮರಿಯ ಹೇಳುತ್ತಿದ್ದರು. ಹದಿನೈದು ರಹಸ್ಯಗಳ ಹಳೆಯ ಜಪಸರದ ಲೆಕ್ಕ ಅದು. 2002ರಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದ ಮೇಲೆ ಒಟ್ಟು ಇಪ್ಪತ್ತಾದವು. ಅವುಗಳಲ್ಲಿ ಕೊನೆಯ ಎರಡನ್ನು, ಮಾತೆಯ ಸ್ವರ್ಗಾರೋಹಣ ಮತ್ತು ಕಿರೀಟಧಾರಣೆಯನ್ನು, ಬಿಟ್ಟರೆ ಮಿಕ್ಕವೆಲ್ಲ ಶುಭಸಂದೇಶಗಳಲ್ಲೂ ಪ್ರೇಷಿತರ ಕಾರ್ಯಕಲಾಪಗಳಲ್ಲೂ ನೇರವಾಗಿ ಸಿಗುವ ಘಟನೆಗಳು. ಪುಸ್ತಕ ಕೈಗೆ ಸಿಗದ ಕಾಲದಲ್ಲಿ ಅಮ್ಮ ಯೇಸುಸ್ವಾಮಿಯ ಜೀವನವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದರು. ಅವರಿಗೆ ಈಗ ಬೈಬಲ್ ಓದಿ ಎಂದು ಉಪದೇಶ ಮಾಡಬೇಡಿ. ಸಂಜೆಯ ಜಪಸರದಲ್ಲಿ ಪ್ರತಿ ರಹಸ್ಯಕ್ಕೂ ಮೊದಲು ಅದಕ್ಕೆ ಸೇರಿದ ನಾಲ್ಕೈದು ವಚನಗಳನ್ನು ಮಗಳು ಜೋರಾಗಿ ಓದಲಿ. ಅಮ್ಮ ಬೇಡವೆನ್ನುವುದಿಲ್ಲ.

ಬದಲಾವಣೆ ಬಂದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯಿಂದ. ದೇವರ ವಾಕ್ಯದ ಮೇಜನ್ನು ಜನರಿಗೆ ಇನ್ನೂ ಧಾರಾಳವಾಗಿ ಬಡಿಸಬೇಕೆಂದು ಅದು 1963ರಲ್ಲಿ ಹೇಳಿತು. 1965ರ ನವೆಂಬರ್ 18ರಂದು ದೈವಪ್ರಕಟಣೆಯ ಕುರಿತ ದಸ್ತಾವೇಜು ಹೊರಬಂತು, ಲತೀನಿನಲ್ಲಿ ಅದರ ಹೆಸರು ‘ದೇಯಿ ವೆರ್ಬುಮ್’. ಧರ್ಮಸಭೆ ಪ್ರಭುವಿನ ಶರೀರವನ್ನು ಗೌರವಿಸಿದಂತೆಯೇ ಪವಿತ್ರಗ್ರಂಥವನ್ನೂ ಗೌರವಿಸುತ್ತಾ ಬಂದಿದೆ ಎಂದು ಅದು ಹೇಳುತ್ತದೆ. ಪರಮಪ್ರಸಾದದ ಒಂದು ಕಣ ನೆಲಕ್ಕೆ ಬಿದ್ದರೆ ನಾವು ಎಷ್ಟು ಚಡಪಡಿಸುತ್ತೇವೆ ಎಂಬುದನ್ನು ನೆನೆದುಕೊಂಡರೆ ಈ ಮಾತಿನ ಭಾರ ತಿಳಿಯುತ್ತದೆ. ಎಲ್ಲ ವಿಶ್ವಾಸಿಗಳಿಗೂ ಬೈಬಲ್ ಸುಲಭವಾಗಿ ಸಿಗಬೇಕು, ಎಲ್ಲರೂ ಅದನ್ನು ಮತ್ತೆ ಮತ್ತೆ ಓದಬೇಕು ಎಂದೂ ಅದು ಒತ್ತಾಯಿಸುತ್ತದೆ. ಅದನ್ನರಿಯದವನು ಕ್ರಿಸ್ತನನ್ನೇ ಅರಿಯನು ಎಂಬ ಸಂತ ಜೆರೋಮರ ಅಭಿಪ್ರಾಯವನ್ನು ಅಲ್ಲಿ ನೆನೆಯಲಾಗಿದೆ. ಬೈಬಲನ್ನು ಲತೀನಿಗೆ ತರಲು ಬೆತ್ಲೆಹೇಮಿನಲ್ಲಿ ಆಯುಷ್ಯ ಸವೆಸಿದ ಜೆರೋಮರು 420ರಲ್ಲಿ ತೀರಿಕೊಂಡರು. ಅವರು ಸತ್ತು 1,600 ವರ್ಷ ತುಂಬುವ ಹೊತ್ತಿಗೆ, 2019ರಲ್ಲಿ, ಪೋಪ್ ಫ್ರಾನ್ಸಿಸರು ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಗೊತ್ತುಮಾಡಿದರು. ಹೀಗಿರುವಾಗ ಬೈಬಲ್ ಸ್ವಾಮಿಯವರ ಕೆಲಸ ಎಂದು ಇನ್ನು ಯಾರೂ ಹೇಳುವಂತಿಲ್ಲ.

ಹಾಗೆಂದು ಭಾನುವಾರ ಪೂಜೆಗೆ ಹೋದರೆ ಬೈಬಲ್ ಓದಿದಂತೆಯೇ ಎಂದು ಸಮಾಧಾನಪಡಬೇಡಿ. ಮೂರು ವರ್ಷ ಪೂಜೆಗೆ ಹೋದವರು ಇಡೀ ಬೈಬಲ್ ಕೇಳಿರುತ್ತಾರೆ ಎಂದು ನಮ್ಮಲ್ಲಿ ಕೆಲವರು ಹೇಳುವುದುಂಟು. ಅದು ನಿಜವಲ್ಲ. ಶುಭಸಂದೇಶಗಳ ಬಹುಭಾಗ ಕಿವಿಗೆ ಬೀಳುತ್ತದೆ, ಹಳೆಯ ಒಡಂಬಡಿಕೆಯ ಬಹುಭಾಗ ಬೀಳುವುದೇ ಇಲ್ಲ. ಓದುವ ಬಗೆಯೂ ನನ್ನನ್ನು ನೋಯಿಸುತ್ತದೆ. ಪೂಜೆಗೆ ಗಂಟೆ ಬಾರಿಸುವ ಹೊತ್ತಿಗೆ ಬಾಗಿಲ ಬಳಿ ಸಿಕ್ಕವರ ಕೈಗೆ ವಾಚನ ಕೊಟ್ಟುಬಿಡುವುದು ಎಷ್ಟೋ ಕಡೆ ವಾಡಿಕೆಯಾಗಿದೆ. ಸಂತ ಪೌಲ ಉಸಿರು ಕಟ್ಟಿ ಬರೆದ ಉದ್ದನೆಯ ವಾಕ್ಯ ನಡುವೆಯೇ ಮುರಿದು ಬೀಳುತ್ತದೆ. ಪ್ರವಾದಿಯ ಸಿಟ್ಟು, ಅಳು, ಬೇಡಿಕೆ ಎಲ್ಲವೂ ಒಂದೇ ದನಿಯಲ್ಲಿ ಹರಿದುಹೋಗುತ್ತವೆ. ಕುಳಿತವರು ಕೈಯಲ್ಲಿದ್ದ ಹಾಳೆಯನ್ನೇ ನೋಡುತ್ತಾ ಕಿವಿ ಮುಚ್ಚಿಕೊಂಡಂತೆ ಇರುತ್ತಾರೆ. ವಾಚನ ಪೂಜೆಗೆ ಮೊದಲು ನಡೆಯುವ ಪೀಠಿಕೆಯಲ್ಲ, ಅದೇ ಪೂಜೆಯ ಒಂದು ಅರ್ಧ. ಎಮ್ಮಾವುವಿನ ದಾರಿಯಲ್ಲಿ ಎದ್ದುಬಂದ ಪ್ರಭು ಆ ಇಬ್ಬರು ಶಿಷ್ಯರಿಗೆ ಮೊದಲು ಪವಿತ್ರಗ್ರಂಥ ಬಿಡಿಸಿ ಹೇಳಿದರು, ಮನೆ ಸೇರಿದ ಮೇಲೆ ರೊಟ್ಟಿ ಮುರಿದರು; ಆಗ ಅವರ ಕಣ್ಣು ತೆರೆಯಿತು. ನಮ್ಮ ಪೂಜೆ ನಡೆಯುವುದು ಅದೇ ಕ್ರಮದಲ್ಲಿ. ಮೊದಲರ್ಧ ಕೇಳದವನಿಗೆ ಎರಡನೆಯ ಅರ್ಧ ಹೇಗೆ ತಿಳಿದೀತು? ಮಗಳ ವಿಷಯಕ್ಕೆ ಬಂದಾಗ ಈ ಮಾತು ಮತ್ತೆ ಬೇಕಾಗುತ್ತದೆ.

ಇನ್ನು ಅಪ್ಪನ ಪೂಜೆ. ಸತ್ತವರಿಗಾಗಿ ಪ್ರಾರ್ಥಿಸುವುದು ಎಲ್ಲಿದೆ ಎಂದರೆ, ಮಕ್ಕಬಿಯರ ಎರಡನೆಯ ಗ್ರಂಥದ 12ನೇ ಅಧ್ಯಾಯದ ಕೊನೆಯಲ್ಲಿದೆ. ಯುದ್ಧದಲ್ಲಿ ಬಿದ್ದ ತನ್ನ ಸೈನಿಕರ ಪಾಪಪರಿಹಾರಕ್ಕಾಗಿ ಯೂದ ಮಕ್ಕಬಿಯ ಸುಮಾರು 2,000 ಬೆಳ್ಳಿ ನಾಣ್ಯ ಕೂಡಿಸಿ ಜೆರುಸಲೇಮಿಗೆ ಬಲಿಯರ್ಪಣೆಗೆ ಕಳಿಸುತ್ತಾನೆ. ಸತ್ತವರು ಮತ್ತೆ ಏಳುತ್ತಾರೆಂಬ ನಂಬಿಕೆ ಇಲ್ಲದಿದ್ದರೆ ಇದೆಲ್ಲ ವ್ಯರ್ಥವಾಗುತ್ತಿತ್ತು ಎಂದು ಗ್ರಂಥ ಹೇಳುತ್ತದೆ. ಆದರೆ ತಂಗಿಗೆ ಇದನ್ನು ತೋರಿಸಿದರೆ ಜಗಳ ಮುಗಿಯುವುದಿಲ್ಲ, ಏಕೆಂದರೆ ಅವಳ ಬೈಬಲಿನಲ್ಲಿ ಆ ಗ್ರಂಥವೇ ಇಲ್ಲ. ನಮ್ಮದರಲ್ಲಿ 73 ಗ್ರಂಥಗಳು, ಅವರದರಲ್ಲಿ 66. ತೊಬೀತ, ಯೂದಿತ, ಸೊಲೊಮೋನನ ಜ್ಞಾನಗ್ರಂಥ, ಸಿರಾಖ, ಬಾರೂಕ, ಮಕ್ಕಬಿಯರ ಎರಡು ಗ್ರಂಥಗಳು, ಜೊತೆಗೆ ಎಸ್ತೇರಳ ಮತ್ತು ದಾನಿಯೇಲನ ಗ್ರಂಥಗಳ ಕೆಲವು ಭಾಗಗಳು: ವ್ಯತ್ಯಾಸ ಇಷ್ಟೇ, ಎಲ್ಲವೂ ಹಳೆಯ ಒಡಂಬಡಿಕೆಯದು.

ಇವು ಯೆಹೂದ್ಯರ ಗ್ರೀಕ್ ಬೈಬಲಿನಲ್ಲಿದ್ದವು, ಮೊದಲ ಕ್ರೈಸ್ತರು ಹೆಚ್ಚಾಗಿ ಬಳಸಿದ್ದು ಆ ಗ್ರೀಕ್ ಬೈಬಲನ್ನೇ. ಜೆರೋಮರಿಗೇ ಇವುಗಳ ಬಗ್ಗೆ ಅನುಮಾನವಿತ್ತು ಎಂಬುದೂ ನಿಜ. ಆದರೆ ಉತ್ತರ ಆಫ್ರಿಕದ ಹಿಪ್ಪೊದಲ್ಲಿ 393ರಲ್ಲಿ, ಕಾರ್ಥೇಜಿನಲ್ಲಿ 397ರಲ್ಲಿ ಸೇರಿದ ಧರ್ಮಾಧ್ಯಕ್ಷರು ಇವನ್ನು ಸೇರಿಸಿಯೇ ಪಟ್ಟಿ ಮಾಡಿದರು. 1546ರಲ್ಲಿ ಟ್ರೆಂಟ್ ಮಹಾಸಭೆ ಅದನ್ನೇ ಖಚಿತಪಡಿಸಿತು. ಲೂಥರರು 1534ರ ತಮ್ಮ ಜರ್ಮನ್ ಬೈಬಲಿನಲ್ಲಿ ಇವನ್ನು ಕಿತ್ತುಹಾಕಲಿಲ್ಲ, ಎರಡು ಒಡಂಬಡಿಕೆಗಳ ನಡುವೆ ಬೇರೆಯಾಗಿ ಇಟ್ಟರು. 1826ರಲ್ಲಿ ಲಂಡನ್ನಿನ ಬೈಬಲ್ ಸೊಸೈಟಿ ಇವುಗಳ ಮುದ್ರಣಕ್ಕೆ ಹಣ ಕೊಡುವುದಿಲ್ಲವೆಂದು ತೀರ್ಮಾನಿಸಿತು. ಆಮೇಲಿನ ಕಾಲದಲ್ಲಿ ಲೋಕದ ಎಷ್ಟೋ ಭಾಷೆಗಳಿಗೆ 66 ಗ್ರಂಥಗಳ ಬೈಬಲೇ ಮೊದಲು ತಲುಪಿತು. ನಿಮ್ಮ ತಂಗಿ ಯಾವುದನ್ನೂ ಮರೆಮಾಚುತ್ತಿಲ್ಲ, ಅವಳ ಕೈಗೆ ಬಂದದ್ದು ಅದು. ನೀವು ಕೊಂಡ ಪ್ರತಿಯಲ್ಲಿ ಮಕ್ಕಬಿಯರ ಗ್ರಂಥವಿದೆಯೇ ಎಂದು ವಿಷಯಸೂಚಿಯಲ್ಲಿ ನೋಡಿಕೊಳ್ಳಿ. ಇಲ್ಲದಿದ್ದರೆ ಕಥೋಲಿಕ ಪುಸ್ತಕದಂಗಡಿಯಲ್ಲಿ 73 ಗ್ರಂಥಗಳ ಕನ್ನಡ ಬೈಬಲ್ ಕೇಳಿ ತೆಗೆದುಕೊಳ್ಳಿ.

‘ಬೈಬಲಿನಲ್ಲಿ ಎಲ್ಲಿದೆ’ ಎಂಬ ಪ್ರಶ್ನೆಗೆ ಇನ್ನೊಂದು ಮಾತಿದೆ. ಬೈಬಲಿನಲ್ಲಿ ಯಾವ ಯಾವ ಗ್ರಂಥ ಇರಬೇಕು ಎಂಬುದು ಬೈಬಲಿನ ಒಳಗೆ ಎಲ್ಲೂ ಬರೆದಿಲ್ಲ. ಹೊಸ ಒಡಂಬಡಿಕೆಯ 27 ಗ್ರಂಥಗಳನ್ನು ಇಂದು ನಾವು ಎಣಿಸುವಂತೆಯೇ ಎಣಿಸಿದ ಮೊದಲ ಪಟ್ಟಿ ನಮಗೆ ಸಿಗುವುದು 367ರಲ್ಲಿ, ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಸಂತ ಅಥನಾಸಿಯುಸರು ಬರೆದ ಪಾಸ್ಖದ ಪತ್ರದಲ್ಲಿ. ಅಲ್ಲಿಯವರೆಗೂ ಕ್ರೈಸ್ತರು ಸ್ನಾನದೀಕ್ಷೆ ಕೊಟ್ಟರು, ರೊಟ್ಟಿ ಮುರಿದರು, ಸತ್ತವರನ್ನು ನೆನೆದರು, ಪ್ರಭುವಿಗಾಗಿ ಪ್ರಾಣವನ್ನೂ ಕೊಟ್ಟರು. ತಾನು ಬಾಯಲ್ಲಿ ಹೇಳಿದ್ದನ್ನೂ ಪತ್ರದಲ್ಲಿ ಬರೆದದ್ದನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದು ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲನ ಬುದ್ಧಿಮಾತಿದೆ. ಈ ಬಾಯಿಮಾತಿನ ಬಳುವಳಿಯನ್ನೇ ನಾವು ಪರಂಪರೆ ಎನ್ನುತ್ತೇವೆ. ಅದು ಬೈಬಲಿಗೆ ಎದುರಾಗಿ ನಿಲ್ಲುವ ಎರಡನೆಯ ಪುಸ್ತಕವಲ್ಲ. ಬೈಬಲನ್ನು ಬರೆದು, ಕೂಡಿಸಿ, ಓದಿ, ಅದರಂತೆ ಬದುಕಿದ ಜನರ ನೆನಪು. ಆ ಜನರಿಗೆ ಬೋಧಿಸುವ ಅಧಿಕಾರ ಇದ್ದವರೂ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವಕರು ಎಂದು 1965ರ ಅದೇ ದಸ್ತಾವೇಜು ಸ್ಪಷ್ಟವಾಗಿ ಹೇಳುತ್ತದೆ. ಪೋಪರಿಗೂ ಆ ಮಿತಿ ಉಂಟು.

ಈ ವಿಷಯಗಳನ್ನು ನಿಮಗೆ ಹೇಳಿದ್ದು ನಿಮ್ಮ ಮನಸ್ಸು ನಿಲ್ಲಲಿ ಎಂದು. ತಂಗಿಯ ಮೇಲೆ ಪ್ರಯೋಗಿಸಲು ಅಲ್ಲ. ಅವಳು ಮತ್ತೆ ಕೇಳಿದರೆ, ‘ನನ್ನ ಬೈಬಲಿನಲ್ಲಿ ಆ ಗ್ರಂಥವಿದೆ, ನಿನ್ನದರಲ್ಲಿ ಇಲ್ಲ, ಅದಕ್ಕಾಗಿ ಅಪ್ಪನ ಹೆಸರಲ್ಲಿ ನಾವು ಜಗಳ ಆಡುವುದು ಬೇಡ. ನಾನು ಪ್ರಾರ್ಥಿಸುತ್ತೇನೆ, ನೀನು ಬಂದು ನನ್ನ ಪಕ್ಕದಲ್ಲಿ ಕುಳಿತಿರು’ ಎನ್ನಿ. ಅಷ್ಟು ಸಾಕು. ಅವಳು ಬಾರದಿದ್ದರೆ ಒತ್ತಾಯ ಬೇಡ.

ಈಗ ಓದುವ ಬಗ್ಗೆ. ಮೊದಲ ಪುಟದಿಂದ ಓದುವುದನ್ನು ಸದ್ಯಕ್ಕೆ ಬಿಡಿ. ಬೈಬಲ್ ಒಂದೇ ಪುಸ್ತಕದಂತೆ ಕಂಡರೂ ಸಾವಿರ ವರ್ಷಕ್ಕೂ ಹೆಚ್ಚಿನ ಕಾಲದಲ್ಲಿ ಹುಟ್ಟಿದ ಹಾಡು, ಕಾನೂನು, ವಂಶಾವಳಿ, ಗಾದೆ, ಪತ್ರ, ದರ್ಶನಗಳ ಕಣಜ. ಯಾಜಕಕಾಂಡ ದೇವಾಲಯದ ಯಾಜಕರ ವಿಧಿಗಳ ಗ್ರಂಥ, ಅಲ್ಲಿ ನೀವು ಸುಸ್ತಾದದ್ದು ಸಹಜ. ಯೆಹೋಶುವನ ಗ್ರಂಥ ಓದಿ ಭಯವಾದದ್ದೂ ಒಳ್ಳೆಯ ಮನಸ್ಸಿನ ಲಕ್ಷಣ. ಎಳೆ ಮಕ್ಕಳನ್ನೂ ಬಿಡದ ಆ ಕೊಲೆಗಳನ್ನು ಓದಿ ಏನೂ ಅನ್ನಿಸದವರ ಬಗ್ಗೆಯೇ ನನಗೆ ಚಿಂತೆ. 2ನೇ ಶತಮಾನದಲ್ಲಿ ಮಾರ್ಸಿಯನ್ ಎಂಬುವನು ಹಳೆಯ ಒಡಂಬಡಿಕೆಯನ್ನೇ ಎಸೆಯೋಣ, ಅದರ ದೇವರು ಬೇರೆ ಎಂದ. ಧರ್ಮಸಭೆ ಒಪ್ಪಲಿಲ್ಲ. ಆದರೆ ಹಳೆಯ ಒಡಂಬಡಿಕೆಯಲ್ಲಿ ಅಪೂರ್ಣವಾದದ್ದೂ ಆ ಕಾಲಕ್ಕಷ್ಟೇ ಸಂದದ್ದೂ ಇದೆ ಎಂದು ವ್ಯಾಟಿಕನ್ ಮಹಾಸಭೆ ತಾನೇ ಹೇಳಿದೆ. ದೇವರು ಮನುಷ್ಯರ ಮೂಲಕ, ಅವರ ಕಾಲದ ನುಡಿಯಲ್ಲಿ, ಅವರ ಕಾಲದ ಯುದ್ಧಗಳ ನಡುವೆ ಮಾತಾಡಿದರು. ಆದ್ದರಿಂದ ಬರೆದವನು ಯಾವ ಬಗೆಯ ಬರಹ ಬರೆಯುತ್ತಿದ್ದ, ಏನು ಹೇಳಬಯಸಿದ ಎಂದು ಕೇಳಿ ಓದಬೇಕು. ಶತ್ರುಗಳನ್ನು ಪ್ರೀತಿಸಿ ಎಂದ ಯೇಸುಸ್ವಾಮಿಯನ್ನು ಮುಂದಿಟ್ಟುಕೊಂಡು ಓದಬೇಕು. ಇದು ಒಬ್ಬರೇ ಕುಳಿತು ಮಾಡುವ ಕೆಲಸವಲ್ಲ. ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯದಲ್ಲಿ ರಥದಲ್ಲಿ ಕುಳಿತು ಯೆಶಾಯನನ್ನು ಓದುತ್ತಿದ್ದ ಇಥಿಯೋಪ್ಯದ ಅಧಿಕಾರಿಯನ್ನು ನೋಡಿ. ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು ಫಿಲಿಪ್ಪ ಕೇಳಿದಾಗ, ಹೇಳಿಕೊಡುವವರಿಲ್ಲದೆ ಹೇಗಾದೀತು ಎಂದು ಅವನು ಸಂಕೋಚವಿಲ್ಲದೆ ಒಪ್ಪಿಕೊಂಡು, ರಥದಲ್ಲಿ ಜಾಗ ಕೊಟ್ಟು ಕೂರಿಸಿಕೊಂಡ.

ಕಣ್ಣು ಮುಚ್ಚಿ ಪುಟ ತೆರೆಯುವ ಅಭ್ಯಾಸವನ್ನು ದಯವಿಟ್ಟು ಇಂದೇ ಬಿಡಿ. ಅದು ಶಕುನ ಕೇಳುವುದಕ್ಕಿಂತ ಬೇರೆಯಲ್ಲ. ಎದೆ ಹಗುರಾಗುವ ವಾಕ್ಯ ಸಿಕ್ಕ ದಿನ ಸರಿ. ಯೋಬನ ಶಾಪವೋ ಪ್ರವಾದಿಯ ಬೆದರಿಕೆಯೋ ಸಿಕ್ಕ ದಿನ ನೀವು ಹೆದರಿ ಹಾಸಿಗೆ ಹಿಡಿಯುತ್ತೀರಿ. ದೇವರು ನಿಮ್ಮೊಡನೆ ಆಟವಾಡುವವರಲ್ಲ.

ನನ್ನ ಸಲಹೆ ಸರಳ. ಶನಿವಾರ ರಾತ್ರಿ ಊಟವಾದ ಮೇಲೆ ಮರುದಿನದ ಶುಭಸಂದೇಶವನ್ನು ತೆಗೆಯಿರಿ. ಯಾವ ಭಾಗವೆಂದು ಚರ್ಚಿನ ಸೂಚನಾ ಫಲಕದಲ್ಲೋ ಧರ್ಮಪ್ರಾಂತ್ಯದ ಕ್ಯಾಲೆಂಡರಿನಲ್ಲೋ ಸಿಗುತ್ತದೆ. ಒಮ್ಮೆ ಮಗಳು ಜೋರಾಗಿ ಓದಲಿ, ಇನ್ನೊಮ್ಮೆ ನೀವು ನಿಧಾನವಾಗಿ ಓದಿ. ಯಾವ ಮಾತು ಮನಸ್ಸಿಗೆ ತಾಕಿತೋ ಅಲ್ಲೇ ನಿಲ್ಲಿ. ಅದರ ಬಗ್ಗೆ ದೇವರೊಡನೆ ಮಾತಾಡಿ, ಆಮೇಲೆ ಸುಮ್ಮನಿರಿ. 12ನೇ ಶತಮಾನದಲ್ಲಿ ಫ್ರಾನ್ಸಿನ ಬೆಟ್ಟದ ಮಠವೊಂದರಲ್ಲಿದ್ದ ಎರಡನೆಯ ಗೀಗೊ ಎಂಬ ಸನ್ಯಾಸಿ ಓದು, ಮನನ, ಪ್ರಾರ್ಥನೆ, ಧ್ಯಾನ ಎಂದು ನಾಲ್ಕು ಮೆಟ್ಟಿಲು ಹೇಳಿದ್ದು ಇದನ್ನೇ. ಭಾನುವಾರ ಅದೇ ಭಾಗ ಚರ್ಚಿನಲ್ಲಿ ಓದಿದಾಗ ನಿಮ್ಮ ಕಿವಿ ತಾನಾಗಿ ನೆಟ್ಟಗಾಗುತ್ತದೆ.

ಮೊದಲ ವಾರ ಮಾತ್ರ ಕ್ರಮ ಬಿಟ್ಟು ಯೊವಾನ್ನನ 11ನೇ ಅಧ್ಯಾಯ ಓದಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಬೆಥಾನಿಯದಲ್ಲಿ ಲಾಜರ ಸತ್ತು ನಾಲ್ಕು ದಿನವಾಗಿದೆ. ಅವನಿಗೆ ಇಬ್ಬರು ಅಕ್ಕತಂಗಿಯರು. ಯೇಸು ಬರುತ್ತಿದ್ದಾರೆಂದು ತಿಳಿದ ಕೂಡಲೇ ಮಾರ್ತ ಎದ್ದು ಊರಾಚೆಗೆ ಹೋಗುತ್ತಾಳೆ, ಮರಿಯ ಮನೆಯಲ್ಲೇ ಕುಳಿತಿರುತ್ತಾಳೆ. ಅವಳೇಕೆ ಎದ್ದುಬರಲಿಲ್ಲ ಎಂದು ಯೊವಾನ್ನ ಹೇಳುವುದಿಲ್ಲ, ತಪ್ಪೆಂದೂ ಹೇಳುವುದಿಲ್ಲ. ಪ್ರಭು ಇಲ್ಲಿದ್ದಿದ್ದರೆ ನಮ್ಮ ಸಹೋದರ ಸಾಯುತ್ತಿರಲಿಲ್ಲ ಎಂದು ಮಾರ್ತ ಹೇಳುತ್ತಾಳೆ. ಆಮೇಲೆ ಬಂದ ಮರಿಯಳೂ ಕಾಲಿಗೆ ಬಿದ್ದು ಹೇಳುವುದು ಆ ಮಾತನ್ನೇ. ಒಂದೇ ಮನೆಯ ದುಃಖ, ಒಂದೇ ಮಾತು. ಆದರೆ ಯೇಸು ಇಬ್ಬರಿಗೂ ಒಂದೇ ಬಗೆಯಲ್ಲಿ ಉತ್ತರಿಸುವುದಿಲ್ಲ. ಮಾರ್ತಳೊಡನೆ ಪುನರುತ್ಥಾನದ ಬಗ್ಗೆ ಮಾತಾಡುತ್ತಾರೆ, ನಂಬುತ್ತೀಯಾ ಎಂದು ಕೇಳುತ್ತಾರೆ. ಮರಿಯಳಿಗೆ ಯಾವ ಬೋಧನೆಯೂ ಇಲ್ಲ, ಅವಳ ಅಳು ಕಂಡು ತಾವೂ ಅಳುತ್ತಾರೆ. ನಿಮಗೂ ತಂಗಿಗೂ ಹೋದವರು ಒಬ್ಬರೇ ಅಪ್ಪ. ಅವಳಿಗೆ ವಚನ ಬೇಕಾಯಿತು, ನಿಮಗೆ ಪೂಜೆ ಬೇಕಾಯಿತು. ಅವಳು ಮನೆಯಲ್ಲೇ ಕುಳಿತದ್ದರ ಹಿಂದೆ ಸಿದ್ಧಾಂತ ಮಾತ್ರ ಇತ್ತೆಂದು ನಾನು ನಂಬುವುದಿಲ್ಲ.

ಈ ಅಧ್ಯಾಯ ಅವಳ ಬೈಬಲಿನಲ್ಲೂ ಇದೆ. ಹೊಸ ಒಡಂಬಡಿಕೆಯ 27 ಗ್ರಂಥಗಳೂ ನಿಮ್ಮಿಬ್ಬರಿಗೂ ಸಮಾನ. ಫೋನ್ ಮಾಡಿ, ‘ನಿನಗೆ ನನಗಿಂತ ಚೆನ್ನಾಗಿ ಗೊತ್ತು, ನನ್ನ ಜೊತೆ ಯೊವಾನ್ನ 11 ಓದುತ್ತೀಯಾ?’ ಎಂದು ಕೇಳಿ. ಅದನ್ನು ಮನಸ್ಸಿನಿಂದಲೇ ಕೇಳಿ. ಅವಳು ಬಾಯಿಪಾಠ ಮಾಡಿದ ವಚನಗಳ ಹಿಂದೆ ಶ್ರಮವೂ ಪ್ರೀತಿಯೂ ಇದೆ, ನಾವು ಅವಳಿಂದ ಕಲಿಯಬೇಕಾದದ್ದೂ ಇದೆ. ಓದುವಾಗ ಅವಳು ವಾದಕ್ಕಿಳಿದರೆ ಅಂದಿಗೆ ಅಲ್ಲಿಗೇ ನಿಲ್ಲಿಸಿ, ಮುಂದಿನ ವಾರ ಮತ್ತೆ ಕರೆ ಮಾಡಿ. ಸತ್ತವರನ್ನು ನೆನೆಯುವ ನವೆಂಬರ್ 2ರಂದು ಅಪ್ಪನ ಸಮಾಧಿಗೆ ಹೂವಿಡಲು ಅವಳೂ ಬರುವುದಾದರೆ, ಅಲ್ಲಿ ಅವಳೇ ತನಗೆ ಇಷ್ಟವಾದ ಕೀರ್ತನೆಯೊಂದನ್ನು ಓದಲಿ.

ಮಗಳಿಗೆ, ಅಜ್ಜಿಯ ಜಪಸರವೂ ಚಿಕ್ಕಮ್ಮನ ಬೈಬಲೂ ಎದುರಾಳಿಗಳಲ್ಲ ಎಂದು ಹೇಳಿ, ಯಾವ ರಹಸ್ಯ ಯಾವ ಅಧ್ಯಾಯದಲ್ಲಿದೆ ಎಂದು ಅವಳೇ ಹುಡುಕಲಿ. ಬೈಬಲ್ ಕ್ವಿಜ್‌ನಲ್ಲಿ ಬಹುಮಾನ ಗೆದ್ದು ಮಾರನೆಯ ದಿನ ಎಲ್ಲ ಮರೆಯುವ ಮಕ್ಕಳನ್ನು ಕಂಡಿದ್ದೇನೆ. ಈ ಹುಡುಕಾಟ ಅದಕ್ಕಿಂತ ಉಳಿಯುತ್ತದೆ. ದೃಢೀಕರಣದ ತಯಾರಿಯ ನಡುವೆಯೇ ಧರ್ಮಕೇಂದ್ರದ ಗುರುಗಳನ್ನು ಕಂಡು ಅವಳಿಗೆ ವಾಚನ ಓದುವ ಅವಕಾಶ ಕೇಳಿ. 2021ರಿಂದ ಹೆಣ್ಣುಮಕ್ಕಳನ್ನು ವಾಚಕರ ಸೇವೆಗೆ ವಿಧಿವತ್ತಾಗಿ ನೇಮಿಸಲೂ ಪೋಪ್ ಫ್ರಾನ್ಸಿಸರು ಅವಕಾಶ ಮಾಡಿಕೊಟ್ಟಿದ್ದಾರೆ, ಹಾಗಾಗಿ ಕೇಳಲು ಹಿಂಜರಿಯಬೇಡಿ. ಒಂದು ವಾರ ಮೊದಲೇ ಭಾಗವನ್ನು ಕೊಡಬೇಕೆಂದೂ ಹೇಳಿ. ಮನೆಯಲ್ಲಿ ಅವಳು ಅದನ್ನು ಅಜ್ಜಿಯ ಮುಂದೆ ನಿಂತು ಓದಲಿ, ಅಜ್ಜಿಗೆ ಅರ್ಥವಾಗುವವರೆಗೂ ಓದಲಿ. ಗುರುಗಳನ್ನು ಕಂಡಾಗ ಯೆಹೋಶುವನ ಗ್ರಂಥದ ಬಗ್ಗೆ ನಿಮಗಿರುವ ಭಯವನ್ನೂ ಮುಂದಿಡಿ. ನಿಮ್ಮ ಕಿರು ಕ್ರೈಸ್ತ ಸಮುದಾಯದ ಕೂಟದಲ್ಲಿ ತಿಂಗಳಿಗೊಮ್ಮೆ ಕುಳಿತು ಹಳೆಯ ಒಡಂಬಡಿಕೆಯನ್ನು ಓದಿಸುವವರು ಯಾರಾದರೂ ಸಿಗುತ್ತಾರೆಯೇ ಎಂದು ಅವರನ್ನೇ ಕೇಳಿ. ಕೇಳುವವರಿದ್ದರೆ ಗುರುಗಳು ವ್ಯವಸ್ಥೆ ಮಾಡಿಯಾರು.